ಕೆಸರಿನ ಕಥೆ ಬೇಕೋ, ಕೆಸರು ಅಂಟಿತೇ ಎಂಬ ಲೆಕ್ಕ ಬೇಕೋ: ಅಮೆರಿಕದ ಚುನಾವಣಾ ಪುಸ್ತಕಗಳಲ್ಲಿ ಯಾವುದನ್ನು ಆರಿಸಬೇಕು?

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಅಮೆರಿಕದ ಚುನಾವಣಾ ಕೆಸರೆರಚಾಟದ ಬಗ್ಗೆ ಯಾವ ಪುಸ್ತಕ ಕೈಗೆ ಸಿಕ್ಕರೂ ಮೊದಲು ಕೊನೆಯ ಪದಸೂಚಿಗೆ ಹೋಗಿ 'ಸ್ಮಾಥರ್ಸ್' ಎಂಬ ಹೆಸರು ಹುಡುಕಿ. 1950ರಲ್ಲಿ ಫ್ಲಾರಿಡಾದ ಸೆನೆಟ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದೊಳಗೇ ನಡೆದ ಸ್ಪರ್ಧೆಯಲ್ಲಿ ಜಾರ್ಜ್ ಸ್ಮಾಥರ್ಸ್, ಎದುರಾಳಿ ಕ್ಲಾಡ್ ಪೆಪರ್ ಬಗ್ಗೆ ಹಳ್ಳಿಗರೆದುರು ಭಾರೀ ಪದಗಳ ಭಾಷಣ ಮಾಡಿದರಂತೆ: ಪೆಪರ್ ಒಬ್ಬ 'ಎಕ್ಸ್‌ಟ್ರೋವರ್ಟ್', ಅವರ ಸೋದರಿ ನ್ಯೂಯಾರ್ಕಿನಲ್ಲಿ 'ಥೆಸ್ಪಿಯನ್'. ಮೊದಲನೆಯದಕ್ಕೆ ಜನರೊಡನೆ ಬೆರೆಯುವವನು, ಎರಡನೆಯದಕ್ಕೆ ನಾಟಕದ ನಟಿ ಎಂದಷ್ಟೇ ಅರ್ಥ. ಅರ್ಥ ತಿಳಿಯದ ಜನ ಏನೋ ಹೊಲಸು ಎಂದುಕೊಂಡು ಪೆಪರ್ ಅವರನ್ನು ಸೋಲಿಸಿದರು ಎನ್ನುವುದು ಕಥೆ. ಇದು ನಡೆದದ್ದೇ ಇಲ್ಲ. ಹಾಗೆ ಮಾತಾಡಿದ್ದಕ್ಕೆ ಸಾಕ್ಷಿ ತಂದವರಿಗೆ 10,000 ಡಾಲರ್ ಕೊಡುತ್ತೇನೆಂದು ಸ್ಮಾಥರ್ಸ್ ಹೇಳಿದ್ದರು. ಆ ದುಡ್ಡು ಯಾರ ಪಾಲಿಗೂ ಹೋಗಲಿಲ್ಲ. ಪುಸ್ತಕದಲ್ಲಿ ಇದು 'ಭಾಷಣ' ಎಂದೇ ಅಚ್ಚಾಗಿದ್ದರೆ, ಉಳಿದ ಕಥೆಗಳನ್ನೂ ಆ ಲೇಖಕ ಪರಿಶೀಲಿಸದೆ ಎತ್ತಿಕೊಂಡಿರಬಹುದು ಎಂದು ತಿಳಿಯಿರಿ. 'ದಂತಕಥೆ' ಎಂದಿದ್ದರೆ ಮುಂದೆ ಓದಬಹುದು.

ಈ ವಿಷಯದ ಪುಸ್ತಕಗಳು ಮೂರು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ: ಏನು ನಡೆಯಿತು? ಹೇಗೆ ತಯಾರಿಸಿದರು? ಅದರಿಂದ ಮತ ಬಂತೇ? ಹೆಚ್ಚಿನವರು ಮೊದಲ ಪ್ರಶ್ನೆಯ ಪುಸ್ತಕ ಕೊಂಡು, ಮೂರನೆಯದಕ್ಕೂ ಉತ್ತರ ಸಿಕ್ಕಿತೆಂದು ಭಾವಿಸುತ್ತಾರೆ. ಕೆಸರು ಎರಚಿದವನು ಗೆದ್ದ, ಆದ್ದರಿಂದ ಕೆಸರೇ ಗೆಲ್ಲಿಸಿತು ಎಂಬ ತರ್ಕ ಕಥೆಯ ಪುಸ್ತಕಗಳಲ್ಲಿ ಪುಟಪುಟಕ್ಕೂ ಸಿಗುತ್ತದೆ. ಲೆಕ್ಕದ ಪುಸ್ತಕಗಳಲ್ಲಿ ಅದು ನಿಲ್ಲುವುದಿಲ್ಲ.

'ನೆಗೆಟಿವ್' ಎಂಬ ಒಂದೇ ಪದದಡಿ ಅಲ್ಲಿ ಮೂರು ಸರಕು ಇರುತ್ತವೆ. ಎದುರಾಳಿ ಎರಡು ಸಲ ತೆರಿಗೆ ಏರಿಸಿದ ಎನ್ನುವುದು ಟೀಕೆ. ಅವನ ಹೆಂಡತಿಯ ಮೊದಲ ಮದುವೆಯನ್ನು ಎಳೆದು ತರುವುದು ಕೆಸರು. 1828ರಲ್ಲಿ ಆಂಡ್ರ್ಯೂ ಜಾಕ್ಸನ್ ಮೇಲೆ ಎರಚಿದ್ದು ಇದೇ. ಮತದಾನದ ದಿನ ಎದುರು ಪಕ್ಷದ ಟೆಲಿಫೋನ್ ಲೈನುಗಳನ್ನು ಜಾಮ್ ಮಾಡುವುದು ಕುತಂತ್ರ, ಅಪರಾಧ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ತೂಗುವ ಪುಸ್ತಕದಿಂದ ಯಾವ ತೀರ್ಮಾನವನ್ನೂ ಎತ್ತಿಕೊಳ್ಳಬಾರದು.

ಮೊದಲು ತಳಪಾಯ

ಅಧ್ಯಕ್ಷರಾಗಲು, ರಾಜ್ಯವಾರು ಹಂಚಿದ 538 ಎಲೆಕ್ಟೋರಲ್ (ಪ್ರತಿನಿಧಿ) ಮತಗಳಲ್ಲಿ 270 ಬೇಕು, ಹೆಚ್ಚಿನ ರಾಜ್ಯಗಳಲ್ಲಿ ಗೆದ್ದವನಿಗೇ ಆ ರಾಜ್ಯದ ಪೂರ್ತಿ ಮತ ಎಂಬುದು ಗೊತ್ತಿಲ್ಲದೆ ಜಾಹೀರಾತಿನ ಪುಸ್ತಕ ಹಿಡಿದರೆ ದಾರಿ ತಪ್ಪುತ್ತದೆ. ಯಾರು ಬೇಕಾದರೂ ಗೆಲ್ಲಬಹುದಾದ ಪೆನ್ಸಿಲ್ವೇನಿಯಾದ ಟಿವಿಯಲ್ಲಿ ದಿನವಿಡೀ ಬೈಗುಳ, ಫಲಿತಾಂಶ ಮೊದಲೇ ಊಹಿಸಬಹುದಾದ ಕ್ಯಾಲಿಫೋರ್ನಿಯಾದಲ್ಲಿ ಮೌನ ಏಕೆ ಎಂಬುದು ಈ ಲೆಕ್ಕದಿಂದಲೇ ಅರ್ಥವಾಗುವುದು. ಇದಕ್ಕೆ ಪಾಲ್ಸ್‌ಬಿ ಮತ್ತು ವಿಲ್ಡಾವ್‌ಸ್ಕಿ 1964ರಲ್ಲಿ ಶುರುಮಾಡಿದ 'ಪ್ರೆಸಿಡೆನ್ಶಿಯಲ್ ಎಲೆಕ್ಷನ್ಸ್' ಪಠ್ಯಪುಸ್ತಕ ಸಾಕು. ಅದು ಮತ್ತೆಮತ್ತೆ ಪರಿಷ್ಕರಣೆಗೊಂಡಿದೆ, ಸಿಕ್ಕಿದ್ದರಲ್ಲಿ ಹೊಸದನ್ನೇ ಆರಿಸಿ. ಓದಲು ಒಣಒಣ, ಆದರೆ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ), ಸಮಾವೇಶ, ಹಣದ ನಿಯಮ ಎಲ್ಲವೂ ಒಂದೇ ಕಡೆ ಇವೆ. ಎಲೆಕ್ಟೋರಲ್ ಕಾಲೇಜಿನ ಇತಿಹಾಸವೇ ಬೇಕೆಂದರೆ ಅಲೆಕ್ಸಾಂಡರ್ ಕೀಸರ್ ಅವರ 2020ರ 'ವೈ ಡು ವಿ ಸ್ಟಿಲ್ ಹ್ಯಾವ್ ದಿ ಎಲೆಕ್ಟೋರಲ್ ಕಾಲೇಜ್?' ಇದೆ, ದಪ್ಪ ಪುಸ್ತಕ.

ನಮ್ಮ ಓದುಗರು ಇನ್ನೊಂದು ವಿಷಯವನ್ನೂ ತಲೆಯಲ್ಲಿಟ್ಟುಕೊಳ್ಳಬೇಕು. ಭಾರತದಲ್ಲಿ ಅಭ್ಯರ್ಥಿಯ ಖಾಸಗಿ ನಡತೆಯ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳುವುದು ಜನಪ್ರತಿನಿಧಿ ಕಾಯ್ದೆಯ 123(4)ರಡಿ ಭ್ರಷ್ಟಾಚರಣೆ. ಟಿವಿ ಜಾಹೀರಾತಿಗೆ ಮೊದಲೇ ಪ್ರಮಾಣಪತ್ರ ಬೇಕು. ಅಮೆರಿಕದಲ್ಲಿ ಇದು ತಿರುಗುಮುರುಗು: 1934ರ ಸಂವಹನ ಕಾಯ್ದೆಯ ಪ್ರಕಾರ ಅಭ್ಯರ್ಥಿಯೇ ಕೊಟ್ಟ ಜಾಹೀರಾತಿಗೆ ಟಿವಿ ಕೇಂದ್ರ ಕತ್ತರಿ ಹಾಕುವಂತಿಲ್ಲ, ಅದರಲ್ಲಿ ಸುಳ್ಳಿದ್ದರೂ. ಹೊರಗಿನ ಗುಂಪುಗಳ ಜಾಹೀರಾತಾದರೆ ನಿರಾಕರಿಸಬಹುದು. 'ಇದನ್ನು ಪ್ರಸಾರ ಮಾಡಲು ಹೇಗೆ ಬಿಟ್ಟರು?' ಎಂದು ಓದುವಾಗ ಎಲ್ಲರೂ ಕೇಳುವ ಪ್ರಶ್ನೆಗೆ ಉತ್ತರ ಇಲ್ಲಿದೆ.

ಕಥೆಗಳ ಸಂಕಲನ: ಮೂರರಲ್ಲಿ ಒಂದು

ಜೋಸೆಫ್ ಕಮಿನ್ಸ್ ಅವರ 'ಎನಿಥಿಂಗ್ ಫಾರ್ ಎ ವೋಟ್' 2007ರದು, ನಂತರ ಪರಿಷ್ಕೃತ ಮುದ್ರಣಗಳೂ ಬಂದಿವೆ. 1789ರಿಂದ ಮೊದಲ್ಗೊಂಡು ಒಂದೊಂದು ಅಧ್ಯಕ್ಷೀಯ ಚುನಾವಣೆಗೆ ಒಂದೊಂದು ಪುಟ್ಟ ಅಧ್ಯಾಯ, ಜೊತೆಗೆ ಎಷ್ಟು ಹೊಲಸಾಗಿತ್ತು ಎಂದು ಅಂಕ. ಬಸ್ಸಿನಲ್ಲಿ, ಮಲಗುವ ಮುನ್ನ, ಎಲ್ಲಿ ತೆರೆದರೂ ಓದಬಹುದು. ಆ ಅಂಕಕ್ಕೆ ಅಳತೆಗೋಲೇನೂ ಇಲ್ಲ, ಲೇಖಕರ ಮನಸ್ಸಿಗೆ ತೋಚಿದ್ದು. ಅದನ್ನು ಪ್ರಬಂಧದಲ್ಲಿ ಉಲ್ಲೇಖಿಸುವ ವಿದ್ಯಾರ್ಥಿಗೆ ಮೇಷ್ಟ್ರು ಬೈದರೆ ತಪ್ಪು ಮೇಷ್ಟ್ರದಲ್ಲ.

ಕೆರ್ವಿನ್ ಸ್ವಿಂಟ್ ಅವರ 2006ರ 'ಮಡ್‌ಸ್ಲಿಂಗರ್ಸ್' 25 ಪ್ರಚಾರಗಳನ್ನು ಆರಿಸಿ ಶ್ರೇಯಾಂಕ ಕೊಡುತ್ತದೆ. ಇದರ ಅನುಕೂಲ, ಅಧ್ಯಕ್ಷರ ಸುತ್ತಲೇ ಗಿರಕಿ ಹೊಡೆಯುವುದಿಲ್ಲ. ಗವರ್ನರ್, ಸೆನೆಟ್ ಸ್ಪರ್ಧೆಗಳೂ ಒಳಗಿವೆ. 1970ರಲ್ಲಿ ಅಲಬಾಮದಲ್ಲಿ ಜಾರ್ಜ್ ವಾಲೇಸ್ ಮತ್ತು ಆಲ್ಬರ್ಟ್ ಬ್ರೂವರ್ ನಡುವಿನ ಗವರ್ನರ್ ಸ್ಪರ್ಧೆಯಲ್ಲಿ ಜನಾಂಗ ದ್ವೇಷವನ್ನು ಬಹಿರಂಗವಾಗಿ ಬಳಸಿದ ಬಗೆ ಅಧ್ಯಕ್ಷೀಯ ಇತಿಹಾಸಗಳಲ್ಲಿ ಸಿಗುವುದಿಲ್ಲ. ಮೂರನೆಯದು 'ಕ್ಯಾಂಪೇನ್ಸ್ ಅಂಡ್ ಎಲೆಕ್ಷನ್ಸ್' ಪತ್ರಿಕೆಯ ಸಂಪಾದಕರಾಗಿದ್ದ ಡೇವಿಡ್ ಮಾರ್ಕ್ ಅವರ 'ಗೋಯಿಂಗ್ ಡರ್ಟಿ' (2006, ಪರಿಷ್ಕೃತ ಮುದ್ರಣ 2009). ಪ್ರಚಾರ ನಡೆಸುವವರ ನಡುವೆ ಓಡಾಡಿದವರ ಬರಹ. ಹಾಗಾಗಿ ಬೈಗುಳಕ್ಕಿಂತ ಅದರ ಹಿಂದಿನ ಲೆಕ್ಕಾಚಾರ ಹೆಚ್ಚು ಕಾಣುತ್ತದೆ: ಎದುರಾಳಿಯ ದಾಖಲೆ ಕೆದಕುವುದು, ಯಾವ ಹೊತ್ತಿಗೆ ಬಿಡುವುದು, ತಿರುಗೇಟಿಗೆ ಎಷ್ಟು ಸಮಯ ಕೊಡುವುದು. ಮೂರರಲ್ಲಿ ಒಂದೇ ಎಂದರೆ ನಮ್ಮ ಆಯ್ಕೆ ಮಾರ್ಕ್. ಉಡುಗೊರೆಗಾದರೆ ಕಮಿನ್ಸ್.

ಇಂಥ ಸಂಕಲನಗಳಲ್ಲಿ ಪದೇಪದೇ ಆಗುವ ಎಡವಟ್ಟು, ಯಾರು ಹೇಳಿದ್ದು ಎಂಬುದು ಮಾಯವಾಗುವುದು. 1800ರಲ್ಲಿ ಜಾನ್ ಆಡಮ್ಸ್ ವಿರುದ್ಧದ ಅತಿ ಕೀಳು ಬೈಗುಳಗಳನ್ನು ಎದುರಾಳಿ ಜೆಫರ್ಸನ್ ಬಾಯಿಗೇ ತುರುಕಿದ ಬರಹಗಳು ಬೇಕಾದಷ್ಟಿವೆ. ಬರೆದದ್ದು ಜೇಮ್ಸ್ ಕ್ಯಾಲೆಂಡರ್ ಎಂಬ ಕರಪತ್ರಕಾರ; 1798ರ ರಾಜದ್ರೋಹ ಕಾಯ್ದೆಯಡಿ ಜೈಲಿಗೂ ಹೋದ. ಜೆಫರ್ಸನ್ ಅವನಿಗೆ ಹಣದ ನೆರವು ಕೊಟ್ಟದ್ದು ನಿಜ, ಆದರೆ ಹಣ ಕೊಡುವುದಕ್ಕೂ ಬಾಯಿಬಿಟ್ಟು ಹೇಳುವುದಕ್ಕೂ ವ್ಯತ್ಯಾಸ ಇದೆ. ಇಡೀ ಕೆಸರೆರಚಾಟದ ಕಸುಬು ನಿಂತಿರುವುದೇ ಆ ವ್ಯತ್ಯಾಸದ ಮೇಲೆ. 1800ರ ಬಗ್ಗೆ ಗಟ್ಟಿ ಪುಸ್ತಕ ಬೇಕಾದರೆ ಜಾನ್ ಫರ್ಲಿಂಗ್ ಅವರ 'ಆಡಮ್ಸ್ ವರ್ಸಸ್ ಜೆಫರ್ಸನ್' (2004) ಅಥವಾ ಎಡ್ವರ್ಡ್ ಲಾರ್ಸನ್ ಅವರ 'ಎ ಮ್ಯಾಗ್ನಿಫಿಸೆಂಟ್ ಕೆಟಾಸ್ಟ್ರಫಿ' (2007). ಒಂದು ಸಾಕು.

ಒಂದೇ ಚುನಾವಣೆಯನ್ನು ಹಿಡಿದು ಬರೆದವು

ದುಡ್ಡಿಗೆ ತಕ್ಕ ಓದು ಹೆಚ್ಚಾಗಿ ಸಿಗುವುದು ಇಲ್ಲಿ.

ಗ್ರೆಗ್ ಮಿಚೆಲ್ ಅವರ 'ದಿ ಕ್ಯಾಂಪೇನ್ ಆಫ್ ದಿ ಸೆಂಚುರಿ' (1992) 1934ರ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯನ್ನು ದಿನದ ಲೆಕ್ಕದಲ್ಲಿ ಬಿಡಿಸುತ್ತದೆ. ಬಡತನ ಕೊನೆಗಾಣಿಸುತ್ತೇನೆಂದು ಹೊರಟ ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ವಿರುದ್ಧ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋ ಸುದ್ದಿಚಿತ್ರದಂತೆ ಕಾಣುವ ಪ್ರಚಾರಚಿತ್ರಗಳನ್ನು ತಯಾರಿಸಿ ಥಿಯೇಟರುಗಳಲ್ಲಿ ತೋರಿಸಿತು: ಸಿಂಕ್ಲೇರ್ ಗೆದ್ದರೆ ದೇಶದ ನಿರುದ್ಯೋಗಿಗಳೆಲ್ಲ ರೈಲು ಹತ್ತಿ ಬಂದು ಬೀಳುತ್ತಾರೆ ಎಂಬ ದೃಶ್ಯಗಳು. ಕ್ಲೆಮ್ ವಿಟೇಕರ್ ಮತ್ತು ಲಿಯೋನ್ ಬ್ಯಾಕ್ಸ್‌ಟರ್ ಸಿಂಕ್ಲೇರ್ ಕಾದಂಬರಿಗಳ ಪಾತ್ರಗಳ ಮಾತುಗಳನ್ನು ಕಿತ್ತು, ಅವೇ ಲೇಖಕರ ಸ್ವಂತ ಅಭಿಪ್ರಾಯ ಎಂಬಂತೆ ಹರಡಿದರು. ಕೂಲಿಗೆ ಪ್ರಚಾರ ನಡೆಸಿಕೊಡುವ ಕಂಪನಿ ಎಂಬ ಕಸುಬಿನ ಹುಟ್ಟು ಇಲ್ಲಿದೆ. ವಾಟ್ಸ್‌ಆ್ಯಪ್ ಫಾರ್ವರ್ಡ್ ನೋಡಿ ಅಭ್ಯಾಸವಿರುವವರಿಗೆ ಈ 600ಕ್ಕೂ ಹೆಚ್ಚು ಪುಟಗಳಲ್ಲಿ ಯಾವುದೂ ಹಳತೆನಿಸುವುದಿಲ್ಲ.

ಹಾಗಂತ ಕೆಸರೇ ಸಿಂಕ್ಲೇರ್ ಅವರನ್ನು ಸೋಲಿಸಿತು ಎಂದುಬಿಡುವ ಮುನ್ನ ಫಲಿತಾಂಶ ನೋಡಿ. ಗೆದ್ದ ಫ್ರಾಂಕ್ ಮೆರಿಯಮ್‌ಗೆ ಸುಮಾರು 11.4 ಲಕ್ಷ, ಸಿಂಕ್ಲೇರ್‌ಗೆ 8.8 ಲಕ್ಷ ಮತ, ಅಂತರ 2.6 ಲಕ್ಷ. ಮೂರನೆಯ ಅಭ್ಯರ್ಥಿ ರೇಮಂಡ್ ಹೈಟ್ ಪಡೆದದ್ದು 3 ಲಕ್ಷ. ಮತ ಒಡೆಯುವ ಲೆಕ್ಕವನ್ನು ನಮ್ಮೂರಿನ ಚಹಾದಂಗಡಿಯಲ್ಲೂ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೋ ಮೆಗಿನ್ನಿಸ್ ಅವರ 'ದಿ ಸೆಲ್ಲಿಂಗ್ ಆಫ್ ದಿ ಪ್ರೆಸಿಡೆಂಟ್ 1968' ತೆಳ್ಳಗಿನ ಪುಸ್ತಕ, ಎರಡು ಸಂಜೆಯ ಓದು. ನಿಕ್ಸನ್ ಅವರ ಟಿವಿ ತಂಡದ ಕೋಣೆಯಲ್ಲಿ ಕೂತು ಬರೆದದ್ದು: ಪ್ರಶ್ನೆ ಕೇಳುವವರನ್ನು ಹೇಗೆ ಆರಿಸಬೇಕು, ಕ್ಯಾಮೆರಾ ಎಲ್ಲಿಡಬೇಕು, ಚಪ್ಪಾಳೆ ಯಾವಾಗ. ಮುಂದೆ ಫಾಕ್ಸ್ ನ್ಯೂಸ್ ಕಟ್ಟಿದ ರೋಜರ್ ಐಲ್ಸ್ ಇಲ್ಲಿ ಎಳೆ ವಯಸ್ಸಿನ ನಿರ್ಮಾಪಕ. ಅನುಬಂಧದಲ್ಲಿ ಪ್ರಚಾರ ತಂಡದ ಒಳಟಿಪ್ಪಣಿಗಳೇ ಅಚ್ಚಾಗಿವೆ. ಅನೇಕರು ಬಿಟ್ಟುಬಿಡುವ ಆ ಭಾಗವೇ ಪುಸ್ತಕದ ಚಿನ್ನ. ಕೊರತೆ, ಒಂದೇ ಪಾಳಯದ ಕೋಣೆ. ಟಿವಿ ಜಾಣ್ಮೆಯಿಂದ ನಿಕ್ಸನ್ ಗೆದ್ದರು ಎಂಬ ಭಾವನೆ ಉಳಿಯುತ್ತದೆ. ನಿಜದಲ್ಲಿ ಅವರ ದೊಡ್ಡ ಮುನ್ನಡೆ ಪ್ರಚಾರದ ಉದ್ದಕ್ಕೂ ಕರಗುತ್ತ ಬಂದು ಕೊನೆಗೆ ಶೇ 1ಕ್ಕೂ ಕಡಿಮೆ ಅಂತರ ಉಳಿಯಿತು.

ರಾಬರ್ಟ್ ಮಾನ್ ಅವರ 'ಡೇಸಿ ಪೆಟಲ್ಸ್ ಅಂಡ್ ಮಶ್ರೂಮ್ ಕ್ಲೌಡ್ಸ್' (2011) ಒಂದೇ ಜಾಹೀರಾತಿನ ಪುಸ್ತಕ. 1964ರ ಸೆಪ್ಟೆಂಬರ್ 7ರಂದು ಎನ್‌ಬಿಸಿಯಲ್ಲಿ ಬಂದ 60 ಸೆಕೆಂಡುಗಳು: ಹೂವಿನ ಎಸಳು ಕೀಳುತ್ತ ತಪ್ಪುತಪ್ಪಾಗಿ ಎಣಿಸುವ ಪುಟ್ಟ ಹುಡುಗಿ, ಅವಳ ದನಿ ಅಳಿಸಿ ಗಂಡು ದನಿಯ ಹಿಂದೆಣಿಕೆ, ಅವಳ ಕಣ್ಣಿನ ಕಪ್ಪಿನೊಳಗೆ ಅಣುಸ್ಫೋಟ, ಆಮೇಲೆ ಅಧ್ಯಕ್ಷ ಜಾನ್ಸನ್ ಮಾತು. ಎದುರಾಳಿ ಗೋಲ್ಡ್‌ವಾಟರ್ ಹೆಸರೇ ಇಲ್ಲ. ಭಯ ನೋಡುವವರ ತಲೆಯಲ್ಲಿ ಮೊದಲೇ ಇತ್ತು, ಜಾಹೀರಾತು ಅದನ್ನು ತಟ್ಟಿತಷ್ಟೆ. ಹಣ ಕೊಟ್ಟು ಹಾಕಿಸಿದ್ದು ಒಂದೇ ಸಲ, ಮಿಕ್ಕಿದ್ದು ಸುದ್ದಿವಾಹಿನಿಗಳ ಪುಕ್ಕಟೆ ಸೇವೆ. ಇದರಿಂದ ಎಷ್ಟು ಮತ ಬಂತು? ಜಾನ್ಸನ್ ಅದಕ್ಕೂ ಮುಂಚೆಯೇ ಬಹಳ ಮುಂದಿದ್ದರು, ಶೇ 61 ಮತ ಪಡೆದರು. ಅಳೆಯಲು ದಾರಿಯಿಲ್ಲ.

ಥಿಯೋಡರ್ ವೈಟ್ ಅವರ 'ದಿ ಮೇಕಿಂಗ್ ಆಫ್ ದಿ ಪ್ರೆಸಿಡೆಂಟ್ 1960' ಈ ಬಗೆಯ ಬರವಣಿಗೆಗೆ ದಾರಿ ಹಾಕಿತು, ಪುಲಿಟ್ಜರ್ ಪಡೆಯಿತು. ಈಗ ಓದಿದರೆ ಕೆನಡಿ ಮೇಲಿನ ಭಕ್ತಿ ಸ್ವಲ್ಪ ಹೆಚ್ಚಾಯಿತು ಅನ್ನಿಸುತ್ತದೆ. ರಿಚರ್ಡ್ ಬೆನ್ ಕ್ರೇಮರ್ ಅವರ 'ವಾಟ್ ಇಟ್ ಟೇಕ್ಸ್' (1992) 1988ರ ಆರು ಆಕಾಂಕ್ಷಿಗಳ ಬಗ್ಗೆ ಸಾವಿರಕ್ಕೂ ಹೆಚ್ಚು ಪುಟ. ಬೈಡನ್ ಕೂಡ ಆ ಆರರಲ್ಲಿ ಒಬ್ಬರು. ಅದ್ಭುತ ಬರವಣಿಗೆ, ಆದರೆ ಕೆಸರಿನ ಬಗ್ಗೆಯೇ ತಿಳಿಯಬೇಕೆಂದವರು ಇಲ್ಲಿಂದ ಶುರು ಮಾಡಬಾರದು.

ಲೆಕ್ಕದ ಪುಸ್ತಕಗಳು: ನಿಜವಾದ ಜಗಳ

ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಸ್ಟೀಫನ್ ಆನ್ಸಲಬೆಹಿಯರ್ ಮತ್ತು ಶಾಂತೋ ಅಯ್ಯಂಗಾರ್ ಅವರ 'ಗೋಯಿಂಗ್ ನೆಗೆಟಿವ್' (1995), ಜಾನ್ ಗೀರ್ ಅವರ 'ಇನ್ ಡಿಫೆನ್ಸ್ ಆಫ್ ನೆಗೆಟಿವಿಟಿ' (2006). ಮೊದಲನೆಯದು ದಾಳಿಯ ಜಾಹೀರಾತು ಪ್ರಜಾಪ್ರಭುತ್ವಕ್ಕೆ ಕೇಡು ಎನ್ನುತ್ತದೆ, ಎರಡನೆಯದು ಔಷಧಿ ಎನ್ನುತ್ತದೆ. ಇಬ್ಬರೂ ಅಳೆದದ್ದು ಬೇರೆಬೇರೆ ವಸ್ತುವನ್ನು.

ಆನ್ಸಲಬೆಹಿಯರ್ ಮತ್ತು ಅಯ್ಯಂಗಾರ್ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಜನರನ್ನು ಮನೆಯ ಹಜಾರದಂಥ ಕೋಣೆಯಲ್ಲಿ ಕೂರಿಸಿ ಸ್ಥಳೀಯ ಸುದ್ದಿಯ 15 ನಿಮಿಷದ ಟೇಪು ತೋರಿಸಿದರು. ನಡುವೆ 30 ಸೆಕೆಂಡಿನ ಒಂದು ರಾಜಕೀಯ ಜಾಹೀರಾತು. ಚಿತ್ರ ಅದೇ, ಹಿನ್ನೆಲೆ ದನಿಯ ಮಾತು ಮಾತ್ರ ಕೆಲವರಿಗೆ ಹೊಗಳಿಕೆ, ಕೆಲವರಿಗೆ ತೆಗಳಿಕೆ. ತೆಗಳಿಕೆ ಕೇಳಿದವರಲ್ಲಿ ಮತ ಹಾಕುವ ಇರಾದೆ ಸುಮಾರು 5 ಪರ್ಸೆಂಟೇಜ್ ಪಾಯಿಂಟ್ ಕಡಿಮೆ. ಪ್ರಯೋಗ ಚೊಕ್ಕಟ, ವಿವರಣೆ ಇನ್ನೂ ಚೊಕ್ಕಟ. ಆದರೆ 'ಮತ ಹಾಕುತ್ತೀರಾ' ಎಂದರೆ 'ಹೂಂ' ಅನ್ನುವುದೇ ಬೇರೆ, ಮತಗಟ್ಟೆಯ ಸಾಲಿನಲ್ಲಿ ನಿಲ್ಲುವುದೇ ಬೇರೆ. ಕೆಸರಿನಿಂದ ಮತದಾರ ಮನೆಯಲ್ಲೇ ಕೂರುತ್ತಾನೆ ಎಂಬ ಮಾತು ಈ ಪುಸ್ತಕದಿಂದ ಜನಪ್ರಿಯವಾಯಿತು. ಬೈಗುಳಕ್ಕೆ ಬರವೇ ಇಲ್ಲದ 2020ರಲ್ಲಿ ಅರ್ಹ ಮತದಾರರಲ್ಲಿ ಸುಮಾರು ಶೇ 66 ಮಂದಿ ಮತ ಹಾಕಿದರು. ಒಂದು ಶತಮಾನಕ್ಕೂ ಮೀರಿದ ದಾಖಲೆ ಅದು.

ಗೀರ್ ಜನರನ್ನು ಅಳೆಯಲಿಲ್ಲ, ಜಾಹೀರಾತನ್ನು ಅಳೆದರು. 1960ರಿಂದ 2004ರವರೆಗಿನ ಅಧ್ಯಕ್ಷ ಅಭ್ಯರ್ಥಿಗಳ ಟಿವಿ ಜಾಹೀರಾತುಗಳಲ್ಲಿ ಒಂದೊಂದು ಮಾತನ್ನೂ ಬಿಡಿಸಿ ಎಣಿಸಿದರು. ಸಿಕ್ಕಿದ್ದು: ಎದುರಾಳಿಯನ್ನು ತೆಗಳುವ ಮಾತುಗಳಲ್ಲೇ ನೀತಿ ವಿಷಯ ಹೆಚ್ಚು, ಪುರಾವೆಯೂ ಹೆಚ್ಚು. ಕಾರಣ ಸರಳ. ತನ್ನನ್ನು ತಾನೇ ಹೊಗಳಿಕೊಳ್ಳಲು ಧ್ವಜ, ನಗುವ ಮಕ್ಕಳು ಸಾಕು. ಇನ್ನೊಬ್ಬನ ಮೇಲೆ ಆರೋಪ ಹೊರಿಸಲು ದಿನಾಂಕ, ಮತದಾನದ ದಾಖಲೆ ಬೇಕು. ಈ ವಾದ ಒಮ್ಮೆ ತಲೆಗೆ ಹೊಕ್ಕರೆ ಜಾಹೀರಾತು ನೋಡುವ ಕಣ್ಣೇ ಬದಲಾಗುತ್ತದೆ. ಆದರೆ ಅವರ ಎಣಿಕೆ ಅಭ್ಯರ್ಥಿಗಳ ಜಾಹೀರಾತಿನದು. ಗಬ್ಬು ಕೆಲಸವನ್ನು ಹೊರಗಿನ ಗುಂಪಿಗೆ ಗುತ್ತಿಗೆ ಕೊಡುವ ಕಾಲದಲ್ಲಿ ಈ ಮಿತಿ ಸಣ್ಣದಲ್ಲ.

ಆ ಗುತ್ತಿಗೆಯ ರುಚಿ ತಿಳಿಯಲು ಕ್ಯಾಥ್ಲೀನ್ ಹಾಲ್ ಜೇಮಿಸನ್ ಅವರ 'ಡರ್ಟಿ ಪಾಲಿಟಿಕ್ಸ್' (1992). 1988ರಲ್ಲಿ ಡೆಮಾಕ್ರಟಿಕ್ ಅಧ್ಯಕ್ಷ ಅಭ್ಯರ್ಥಿ ಡುಕಾಕಿಸ್ ವಿರುದ್ಧ, ಅವರು ಗವರ್ನರ್ ಆಗಿದ್ದ ರಾಜ್ಯ ಕೈದಿಗಳಿಗೆ ಕೊಡುತ್ತಿದ್ದ ಜೈಲು ರಜೆಯ ಬಗ್ಗೆ ಎರಡು ಜಾಹೀರಾತುಗಳಿದ್ದವು. ರಜೆಯಿಂದ ಮರಳದೆ ಅಪರಾಧ ಎಸಗಿದ ವಿಲಿ ಹಾರ್ಟನ್ ಎಂಬ ಕಪ್ಪು ಕೈದಿಯ ಫೋಟೋ ಇದ್ದದ್ದು ಹೊರಗಿನ ಗುಂಪಿನದು. ಎದುರಾಳಿ ಬುಷ್ ಅವರ ಪ್ರಚಾರ ತಂಡದ್ದು ತಿರುಗುವ ಗೇಟಿನೊಳಗೆ ಕೈದಿಗಳು ಹೋಗಿ ಬರುವ ಕಪ್ಪುಬಿಳುಪು ಚಿತ್ರ, ಅದರಲ್ಲಿ ಹಾರ್ಟನ್ ಇಲ್ಲ. ಎರಡನ್ನೂ ಕಲಸಿ ಒಂದು ಮಾಡಿದ ಪುಸ್ತಕವನ್ನು ನಂಬಬೇಡಿ. ಜೇಮಿಸನ್ ತಿರುಗುವ ಗೇಟನ್ನು ತುಣುಕು ತುಣುಕಾಗಿ ಬಿಚ್ಚುತ್ತಾರೆ: ದನಿ ಘೋರ ಕೊಲೆಗಾರರಿಗೆ ರಜೆ ಕೊಟ್ಟ ಬಗ್ಗೆ ಹೇಳುತ್ತಿರುವಾಗ ಪರದೆಯ ಮೇಲೆ '268 ಮಂದಿ ಪರಾರಿ' ಎಂದು ಬರುತ್ತದೆ. ನೋಡುವವರು ಎರಡನ್ನೂ ತಾವೇ ಜೋಡಿಸಿ 268 ಕೊಲೆಗಾರರು ಪರಾರಿ ಎಂದುಕೊಳ್ಳುತ್ತಾರೆ. ಆ 268ರಲ್ಲಿ ಅಂಥ ಕೊಲೆಗಾರರು ಬೆರಳೆಣಿಕೆಯಷ್ಟು. ಹೇಳಿದ ಯಾವ ವಾಕ್ಯವೂ ನೇರ ಸುಳ್ಳಲ್ಲ, ಕೇಳಿಸಿಕೊಂಡದ್ದು ಸುಳ್ಳು. ಒಂದೇ ಪುಸ್ತಕಕ್ಕೆ ದುಡ್ಡಿದ್ದರೆ ಇದನ್ನೇ ಕೊಳ್ಳಿ. ಜನಾಂಗದ ಸುಳಿವು ಹೇಗೆ ಕೆಲಸ ಮಾಡುತ್ತದೆಂಬ ಪ್ರಯೋಗಗಳು ಬೇಕಾದವರಿಗೆ ತಾಲಿ ಮೆಂಡೆಲ್‌ಬರ್ಗ್ ಅವರ 'ದಿ ರೇಸ್ ಕಾರ್ಡ್' (2001).

ಕೊನೆಗೆ ಕೆಸರು ಮತ ತರುತ್ತದೆಯೇ? ಇದಕ್ಕೆ ಪುಸ್ತಕಕ್ಕಿಂತ ಎರಡು ಪ್ರಬಂಧಗಳು ಉತ್ತಮ. ಲಾವ್, ಸಿಗೆಲ್‌ಮನ್, ರೋವ್ನರ್ 2007ರಲ್ಲಿ 111 ಅಧ್ಯಯನಗಳನ್ನು ಒಟ್ಟುಗೂಡಿಸಿದರು: ಮತ ಗಳಿಸಲು ಕೆಸರು ಖಾತ್ರಿ ದಾರಿ ಎನ್ನಲು ಆಧಾರ ಸಿಗಲಿಲ್ಲ, ಮತದಾನ ಕುಗ್ಗಿಸುತ್ತದೆ ಎನ್ನಲೂ ಸಿಗಲಿಲ್ಲ, ಸರ್ಕಾರದ ಮೇಲಿನ ನಂಬಿಕೆ ಮಾತ್ರ ಸ್ವಲ್ಪ ಇಳಿಯುತ್ತದೆ. ಕಾಪಕ್, ಹಿಲ್, ವಾವ್ರೆಕ್ 2020ರಲ್ಲಿ 59 ಪ್ರಯೋಗಗಳಲ್ಲಿ ಸುಮಾರು 34,000 ಜನರಿಗೆ 2016ರ ಚುನಾವಣೆಯ ಜಾಹೀರಾತು ತೋರಿಸಿ ನೋಡಿದರು: ಪರಿಣಾಮ ಪುಟ್ಟದು, ಹೊಗಳಿದರೂ ತೆಗಳಿದರೂ ಹೆಚ್ಚುಕಡಿಮೆ ಅಷ್ಟೇ. ಈ ಎರಡನೆಯದು 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಪುಕ್ಕಟೆ ಸಿಗುತ್ತದೆ. ಪ್ರಚಾರ ಕಂಪನಿಗಳು ಇದನ್ನು ಗಿರಾಕಿಗಳಿಗೆ ತೋರಿಸುವುದಿಲ್ಲ, ಏಕೆಂದು ಹೇಳಬೇಕಿಲ್ಲ.

ತಪ್ಪೊಪ್ಪಿಗೆ, ಗುಟ್ಟು, ಇಂಟರ್ನೆಟ್ಟು

ಆಲನ್ ರೇಮಂಡ್ ಅವರ 'ಹೌ ಟು ರಿಗ್ ಆ್ಯನ್ ಎಲೆಕ್ಷನ್' (2008) 2002ರ ನ್ಯೂ ಹ್ಯಾಂಪ್‌ಶೈರ್ ಫೋನ್ ಜಾಮಿಂಗ್‌ಗೆ ಜೈಲು ಕಂಡವರದು. ಕಸುಬಿನ ಒಳಗಿನ ಭಾಷೆ ಅಲ್ಲಿದೆ, ಆದರೆ 'ಎಲ್ಲರೂ ಮಾಡುತ್ತಿದ್ದರು' ಎಂಬ ರಾಗವೂ ಇದೆ. 1972ರಲ್ಲಿ ನಿಕ್ಸನ್ ಪಾಳಯ ನಡೆಸಿದ ಕುತಂತ್ರಗಳಿಗೆ ಇಂದಿಗೂ ವುಡ್‌ವರ್ಡ್ ಮತ್ತು ಬರ್ನ್‌ಸ್ಟೀನ್ ಅವರ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' ಮೇಲು. 2008ರ ಬಗ್ಗೆ ಬಂದ 'ಗೇಮ್ ಚೇಂಜ್' ಹೆಸರು ಹೇಳದ ಮೂಲಗಳ ಮೇಲೆ ನಿಂತಿದೆ. ಕಾದಂಬರಿಯಂತೆ ಓದಿ ಬದಿಗಿಡಿ.

2016ಕ್ಕೆ ಮತ್ತೆ ಜೋಡಿ ಓದು. ಜೇಮಿಸನ್ ಅವರದೇ 'ಸೈಬರ್‌ವಾರ್' (2018) ರಷ್ಯಾದ ಹ್ಯಾಕಿಂಗ್ ಮತ್ತು ಟ್ರೋಲುಗಳು ಫಲಿತಾಂಶ ತಿರುಗಿಸಿರುವ ಸಾಧ್ಯತೆಯೇ ಹೆಚ್ಚು ಎಂದು ವಾದಿಸುತ್ತದೆ. ಬೆಂಕ್ಲರ್, ಫ್ಯಾರಿಸ್, ರಾಬರ್ಟ್ಸ್ ಅವರ 'ನೆಟ್‌ವರ್ಕ್ ಪ್ರೊಪಗಾಂಡ' (ಅದೇ ವರ್ಷ) ಹೊರಗಿನವರಿಗಿಂತ ಅಮೆರಿಕದೊಳಗಿನ ಬಲಪಂಥೀಯ ಮಾಧ್ಯಮಗಳ ಜಾಲವೇ ದೊಡ್ಡ ಕಾರಣ ಎನ್ನುತ್ತದೆ. ಎರಡನೆಯದರಲ್ಲಿ ದತ್ತಾಂಶ ಹೆಚ್ಚು. ಆಕ್ಸ್‌ಫರ್ಡ್ ಪ್ರಕಾಶನ ಅದನ್ನು ಮುಕ್ತ ಪ್ರವೇಶದಲ್ಲಿ ಇಟ್ಟಿರುವುದರಿಂದ ಇಳಿಸಿಕೊಂಡೇ ಓದಬಹುದು.

ಕೊಳ್ಳುವ ಮುನ್ನ

ಪ್ರಕಟಣೆಯ ವರ್ಷ ನೋಡಿ. 2002ರ ಕಾಯ್ದೆಯ ನಂತರವೇ ಅಭ್ಯರ್ಥಿ ಜಾಹೀರಾತಿನಲ್ಲಿ 'ಈ ಸಂದೇಶ ನನಗೆ ಒಪ್ಪಿಗೆ' ಎಂದು ತನ್ನ ದನಿಯಲ್ಲೇ ಹೇಳಬೇಕಾದದ್ದು. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 'ಸಿಟಿಜನ್ಸ್ ಯುನೈಟೆಡ್' ತೀರ್ಪಿನ ನಂತರವೇ ಸೂಪರ್ ಪ್ಯಾಕ್‌ಗಳ, ಅಂದರೆ ಮಿತಿಯಿಲ್ಲದೆ ಹಣ ಎತ್ತಿ ಖರ್ಚು ಮಾಡಬಲ್ಲ ಹೊರಗಿನ ಗುಂಪುಗಳ, ಹಣದ ಹೊಳೆ. ಅದಕ್ಕೂ ಹಿಂದಿನ ಪುಸ್ತಕ ಹಣದ ಬಗ್ಗೆ ಹೇಳುವುದನ್ನು ಇತಿಹಾಸವೆಂದು ಮಾತ್ರ ಓದಿ. ಮತದಾರರ ಮನಸ್ಸಿನ ಬಗ್ಗೆ ಹೇಳಿದ್ದು ಅಷ್ಟು ಬೇಗ ಹಳಸುವುದಿಲ್ಲ.

ಜಾಹೀರಾತಿನ ಪುಸ್ತಕವನ್ನು ಜಾಹೀರಾತು ನೋಡದೆ ಓದಬೇಡಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ದಿ ಮೂವಿಂಗ್ ಇಮೇಜ್ ನಡೆಸುವ 'ಲಿವಿಂಗ್ ರೂಮ್ ಕ್ಯಾಂಡಿಡೇಟ್' ಜಾಲತಾಣದಲ್ಲಿ 1952ರಿಂದ ಈಚಿನವು ಪುಕ್ಕಟೆ ಇವೆ. ಮೊದಲು ದನಿ ಮುಚ್ಚಿ ಚಿತ್ರ ನೋಡಿ, ಆಮೇಲೆ ಕಣ್ಣು ಮುಚ್ಚಿ ದನಿ ಕೇಳಿ, ಕೊನೆಗೆ ಎರಡೂ. ತಿರುಗುವ ಗೇಟಿನ ಕೈಚಳಕ ಮೂರನೆಯ ಸಲ ತಾನಾಗಿ ಕಾಣುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಊರಿನ ಪಬ್ಲಿಕ್ ಲೈಬ್ರರಿಯಲ್ಲಿ ಕೇಳಿದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುತ್ತಾರೆ, ಕೊಳ್ಳುವ ಅಗತ್ಯವಿಲ್ಲ. ಈಗಷ್ಟೇ ಪೌರತ್ವ ಪಡೆದು ಮೊದಲ ಸಲ ಅಂಚೆಪೆಟ್ಟಿಗೆ ತುಂಬ ಕರಪತ್ರ ಕಾಣುತ್ತಿರುವವರಿಗೆ ಮಾರ್ಕ್ ಮತ್ತು ಗೀರ್ ಜೋಡಿ ಸಾಕು. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕುವಾಗ ಹೆಸರುಗಳ ಬಗ್ಗೆ ಜಾಗ್ರತೆ. 1968ರ ಬಗ್ಗೆ ವೈಟ್ ಬರೆದ 'ಮೇಕಿಂಗ್' ಬೇರೆ, ಮೆಗಿನ್ನಿಸ್ ಬರೆದ 'ಸೆಲ್ಲಿಂಗ್' ಬೇರೆ. 'ಗೋಯಿಂಗ್ ನೆಗೆಟಿವ್' ಬೇರೆ, 'ಗೋಯಿಂಗ್ ಡರ್ಟಿ' ಬೇರೆ. ಆನ್‌ಲೈನಿನಲ್ಲಿ 'ಡರ್ಟಿ ಪಾಲಿಟಿಕ್ಸ್' ಎಂದಷ್ಟೇ ಟೈಪಿಸಿ ಆರ್ಡರ್ ಮಾಡಿದರೆ ನಿಕಿ ಹೇಗರ್ ಅವರ 2014ರ ಪುಸ್ತಕ ಮನೆಗೆ ಬರಬಹುದು. ಅದು ನ್ಯೂಜಿಲೆಂಡಿನ ರಾಜಕೀಯದ್ದು. ಜೇಮಿಸನ್ ಹೆಸರು ಸೇರಿಸಿಯೇ ಹುಡುಕಿ.